ಮಳೆ ಬಂದರೂ ಸೈಕಲ್ ಬಿಡೋದು ಬೇಡ

(ಕಲಿಕಾ ಕೇಂದ್ರದ ಅಕ್ಕತಂಗಿಯರ ಸಭೆಯಲ್ಲಿ ಆಡಿದ ಮಾತು)





ನಾವು ಇವತ್ತು ಸೈಕಲ್ ವಿಷಯ ಮಾತಾಡೋಕೆ ಬಂದಿದ್ದೀವಿ. ಸೈಕಲ್ ಹೊಡೆಯೋದನ್ನ ಕಲಿಸೋಕೆ ಅಲ್ಲ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಈಗಾಗಲೇ ಅದು ಬರುತ್ತದೆ. ಕೆಲವರು ಚಿಕ್ಕಂದಿನಲ್ಲೇ ಕಲಿತಿರಿ. ಕೆಲವರು ಮದುವೆ ಆದಮೇಲೆ, ಮಗಳ ಸೈಕಲ್ಲಿನಲ್ಲಿ ಕಲಿತಿರಿ. ಬಿಸಿಲಲ್ಲಿ ಚೆನ್ನಾಗಿಯೇ ಹೊಡೆಯುತ್ತೀರಿ.

ಆದರೆ ಒಂದು ಮೋಡ ಕವಿದರೆ ಸಾಕು. ಸೈಕಲ್ ಗೋಡೆಗೆ ಒರಗುತ್ತದೆ. "ಅಯ್ಯೋ, ಮಳೇಲಿ ನಮ್ಮ ಕೈಲಾಗಲ್ಲಪ್ಪ. ಜಾರಿ ಬಿದ್ದರೆ?" ಅಂತೀವಿ. ನಡೆದುಕೊಂಡು ಹೋಗ್ತೀವಿ. ಇಲ್ಲದಿದ್ದರೆ ಹೋಗೋದೇ ಇಲ್ಲ.

ಈ ಭಯದ ವಿಷಯವೇ ಇವತ್ತಿನ ಮಾತು.

ಮಳೆಯ ಲೆಕ್ಕ

ಮೊದಲು ನಮ್ಮ ಸೀಮೆಯ ಮಳೆ ನೋಡೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಈ ನಾಲ್ಕು ತಾಲ್ಲೂಕೂ ಬಯಲು ಸೀಮೆ. ಮಲೆನಾಡಿನ ಹಾಗೆ ತಿಂಗಳುಗಟ್ಟಲೆ ಸುರಿಯೋ ಮಳೆ ನಮ್ಮದಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ನಮ್ಮ ಹಿರಿಯರು ಹೇಳೋದು ಈ ಮಳೆಗೇ. ಒಮ್ಮೊಮ್ಮೆ ಆಲಿಕಲ್ಲೂ ಬೀಳುತ್ತದೆ. ಜೂನ್, ಜುಲೈನಲ್ಲಿ ಆಷಾಢದ ಗಾಳಿ. ಮಳೆ ಕಡಿಮೆ, ಗಾಳಿ ಹೆಚ್ಚು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದೊಡ್ಡ ಮಳೆ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಲ್ಲ ಆಗ ಬರುತ್ತವೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಮಂಜು. ದೇವನಹಳ್ಳಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಮಂಜು ಜಾಸ್ತಿ ಆದರೆ ಅಲ್ಲಿ ವಿಮಾನಗಳೂ ಕಾಯುತ್ತವೆ.

ಈಗ ಲೆಕ್ಕ ಹಾಕಿ. ಮೋಡ ಆದಾಗೆಲ್ಲ ಸೈಕಲ್ ಬಿಟ್ಟರೆ ವರ್ಷದಲ್ಲಿ ಎಷ್ಟು ತಿಂಗಳು ಬಿಟ್ಟ ಹಾಗಾಯಿತು? ಅರ್ಧ ವರ್ಷ ಹೋಯಿತು.

ಇನ್ನೊಂದು ಮಾತು. ನಮ್ಮ ಕಡೆ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆ, ರಾತ್ರಿ ಬರುತ್ತದೆ. ಬೆಳಗ್ಗೆ ಆಕಾಶ ತಿಳಿಯಾಗಿರುತ್ತದೆ. ಆದರೂ ಬೆಳಗ್ಗೆಯೇ ಸೈಕಲ್ ಬಿಟ್ಟು ಹೋಗ್ತೀವಿ. ಯಾಕೆ? "ಸಂಜೆ ಮಳೆ ಬಂದರೆ ವಾಪಸ್ ಹೆಂಗೆ ಬರೋದು?" ಅನ್ನೋ ಯೋಚನೆ. ಬರದೇ ಇರೋ ಮಳೆಗೂ ಹೆದರಿ ದಿನ ಕಳೀತೀವಿ.

ಇದರಿಂದ ಏನು ನಷ್ಟ?

ಹಾಲಿನ ಲೆಕ್ಕ ತಗೊಳ್ಳಿ. ಮಳೆ ಬಂತು ಅಂತ ಹಸು ಹಾಲು ನಿಲ್ಲಿಸುತ್ತದೆಯೇ? ಇಲ್ಲ. ಡೈರಿ ಪಕ್ಕದ ಊರಿನಲ್ಲಿದ್ದರೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಅಳತೆ ಮುಗಿದರೆ ಹಾಲು ಮನೆಗೇ ವಾಪಸ್. ಒಂದು ಹೊತ್ತಿಗೆ 5 ಲೀಟರ್ ಅಂತ ಇಟ್ಟುಕೊಳ್ಳಿ. ಲೀಟರಿಗೆ 30 ರೂಪಾಯಿ ಅಂತ ಹಿಡಿಯಿರಿ. 5 ಸಲ 30 ಎಷ್ಟು? 150 ರೂಪಾಯಿ. ಹತ್ತು ಹೊತ್ತು ತಪ್ಪಿದರೆ 1,500 ರೂಪಾಯಿ.

ಗಾರ್ಮೆಂಟ್ಸ್ ಕೆಲಸಕ್ಕೆ ಹೋಗೋ ತಂಗಿಯರ ಕಷ್ಟ ಬೇರೆ. ನಮ್ಮ ಸಂಘದ ಒಬ್ಬ ಹುಡುಗಿ ಮಳೇಲಿ ನಡೆದು ಹೋಗಿ ಕಂಪನಿ ಬಸ್ಸು ತಪ್ಪಿಸಿಕೊಂಡಳು. ತಡವಾಗಿ ಹೋದಳು. ಅರ್ಧ ದಿನದ ಸಂಬಳ ಹಿಡಿದರು. ಆ ತಿಂಗಳು ಮೂರು ಸಲ ಹೀಗಾಯಿತು. ಮನೆಯಲ್ಲಿ, "ನಿನಗೆ ಕೆಲಸ ಯಾಕೆ, ಬಿಟ್ಟುಬಿಡು" ಅಂದರು. ನೋಡಿ, ಮಳೆಗೆ ಹೆದರಿದ್ದು ಎಲ್ಲಿಗೆ ಬಂದು ನಿಂತಿತು! ಕೆಲಸಕ್ಕೇ ಕುತ್ತು ಬಂತು.

ಬಸ್ಸು ಇದೆಯಲ್ಲ?

"ಈಗ ಬಸ್ಸು ಪುಕ್ಕಟೆ ಅಲ್ಲವೇ? ಸೈಕಲ್ ಯಾಕೆ?" ಅಂತ ನೀವು ಕೇಳಬಹುದು. ನಿಜ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ ಅಂತಾಯಿತು. ಬಹಳ ಒಳ್ಳೇದಾಯಿತು.

ಆದರೆ ಬಸ್ಸು ಎಲ್ಲಿ ನಿಲ್ಲುತ್ತದೆ? ದೊಡ್ಡ ರಸ್ತೆಯಲ್ಲಿ. ನಮ್ಮ ಮನೆ ಎಲ್ಲಿದೆ? ಒಳಗೆ, ಎರಡು ಮೂರು ಕಿಲೋಮೀಟರ್ ದೂರ. ಆ ಎರಡು ಮೂರು ಕಿಲೋಮೀಟರಿಗೆ ಯಾವ ಬಸ್ಸೂ ಇಲ್ಲ. 3 ಕಿಲೋಮೀಟರ್ ನಡೆಯೋಕೆ ಮುಕ್ಕಾಲು ಗಂಟೆ ಬೇಕು. ಸೈಕಲ್ಲಿನಲ್ಲಿ ಕಾಲು ಗಂಟೆ ಸಾಕು. ದಿನಕ್ಕೆ ಹೋಗಿ ಬರೋದರಲ್ಲಿ ಒಂದು ಗಂಟೆ ಉಳಿಯಿತು. ಮಳೇಲಿ ಮುಕ್ಕಾಲು ಗಂಟೆ ನೆನೆಯೋದು ಒಳ್ಳೇದೋ, ಕಾಲು ಗಂಟೆ ನೆನೆಯೋದು ಒಳ್ಳೇದೋ? ನೀವೇ ಹೇಳಿ.

ಸೈಕಲ್ಲಿಗೆ ದುಡ್ಡು ಎಲ್ಲಿಂದ ತರೋದು ಅನ್ನೋ ಪ್ರಶ್ನೆಯೂ ಉಂಟು. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಆಮೇಲೆ ಗಂಡುಮಕ್ಕಳಿಗೂ ಕೊಟ್ಟರು. ಆ ಮಕ್ಕಳು ಓದಿ ದೊಡ್ಡವರಾದರು. ಎಷ್ಟೋ ಸೈಕಲ್ಲುಗಳು ಇನ್ನೂ ಹಿತ್ತಲಲ್ಲಿ, ದನದ ಕೊಟ್ಟಿಗೆಯಲ್ಲಿ ನಿಂತಿವೆ. ಹೊರಗೆ ತೆಗೆಯಿರಿ. ಟೈರು, ಟ್ಯೂಬು, ಬ್ರೇಕ್ ರಬ್ಬರ್ ಹಾಕಿಸಿ. ಹೊಸ ಸೈಕಲ್ಲಿಗಿಂತ ಬಹಳ ಕಡಿಮೆಯಲ್ಲಿ ಆಗುತ್ತದೆ.

ಪುದುಕೋಟೆಯ ಹೆಂಗಸರು

ನಮ್ಮ ಪಕ್ಕದ ತಮಿಳುನಾಡಿನಲ್ಲಿ ಪುದುಕೋಟೆ ಅಂತ ಒಂದು ಜಿಲ್ಲೆ ಇದೆ. ಬಡ ಜಿಲ್ಲೆ. ಅಲ್ಲಿ 1991ರಲ್ಲಿ ಸಾಕ್ಷರತಾ ಆಂದೋಲನ ಶುರುವಾಯಿತು. ಅದಕ್ಕೆ ಅವರ ಭಾಷೆಯಲ್ಲಿ 'ಅರಿವೊಳಿ' ಅಂತ ಹೆಸರು. ಅರಿವಿನ ಬೆಳಕು ಅಂತ ಅರ್ಥ. ಅರಿವು ಅನ್ನೋ ಮಾತು ನಮ್ಮದೂ ಹೌದಲ್ಲ!

ಆಗ ಅಲ್ಲಿ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್. ಅವರಿಗೆ ಒಂದು ಯೋಚನೆ ಬಂತು. ಹೆಂಗಸರು ಅಕ್ಷರ ಕಲಿತರೆ ಸಾಲದು, ತಾವೇ ಓಡಾಡೋ ಹಾಗೂ ಆಗಬೇಕು. ಅದಕ್ಕೆ ಅಕ್ಷರದ ಜೊತೆಗೆ ಸೈಕಲ್ಲನ್ನೂ ಸೇರಿಸಿದರು. ಕಲ್ಲು ಒಡೆಯುವ ಹೆಂಗಸರು, ಹೊಲದ ಕೂಲಿ ಹೆಂಗಸರು, ಅಂಗನವಾಡಿಯವರು, ನರ್ಸುಗಳು, ಟೀಚರುಗಳು ಎಲ್ಲರೂ ಕಲಿತರು. 1992ರ ಮಾರ್ಚ್ 8ರಂದು, ಮಹಿಳಾ ದಿನದ ದಿವಸ, 1,500ಕ್ಕೂ ಹೆಚ್ಚು ಹೆಂಗಸರು ಸೈಕಲ್ ಹತ್ತಿ ಪುದುಕೋಟೆ ಪಟ್ಟಣದಲ್ಲಿ ಮೆರವಣಿಗೆ ಹೋದರು. ಊರೇ ನಿಂತು ನೋಡಿತು.

ಅವರಿಗೆ ಲೇಡೀಸ್ ಸೈಕಲ್ ಸಾಕಷ್ಟು ಸಿಗಲಿಲ್ಲ. ಅವರು ಕೂತು ಕಾಯಲಿಲ್ಲ. ಗಂಡಸರ ಸೈಕಲ್ಲನ್ನೇ ಹೊಡೆದರು. ಅದರಲ್ಲಿ ಮುಂದೆ ಒಂದು ಅಡ್ಡ ಕಂಬಿ ಇರುತ್ತದಲ್ಲ, ಅದರ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು ಅಂತ ಅದೇ ಇರಲಿ ಅಂದ ತಾಯಂದಿರೂ ಇದ್ದರು. ಊರಿನ ಕೆಲವು ಗಂಡಸರು ನಕ್ಕರು, ಕೆಟ್ಟ ಮಾತೂ ಆಡಿದರು. ಹೆಂಗಸರು ಸೈಕಲ್ ಬಿಡಲಿಲ್ಲ. ಹಿಂದೆ ಮಗು, ಮುಂದೆ ನೀರಿನ ಕೊಡ. ಸಂತೆಗೂ ಹೋದರು, ಕೆಲಸಕ್ಕೂ ಹೋದರು.

ಅವರೂ ನಮ್ಮ ಹಾಗೇ ಹೆದರಿದವರೇ. ಒಬ್ಬಳೇ ಹೊರಟಿದ್ದರೆ ಕಷ್ಟ ಆಗುತ್ತಿತ್ತು. ಒಟ್ಟಿಗೆ ಕಲಿತರು, ಅದಕ್ಕೇ ಸುಲಭ ಆಯಿತು. ಮಳೆಯ ಪಾಠವೂ ಹಾಗೇ ಕಲಿಯೋಣ.

ಭಯವನ್ನು ಮೊರದಲ್ಲಿ ಹಾಕಿ ನೋಡೋಣ

ಅಕ್ಕಿ ಆರಿಸುವಾಗ ಏನು ಮಾಡ್ತೀವಿ? ಮೊರದಲ್ಲಿ ಹಾಕಿ ಕಲ್ಲು ಬೇರೆ, ಅಕ್ಕಿ ಬೇರೆ ಮಾಡ್ತೀವಿ. ಕಲ್ಲಿದೆ ಅಂತ ಅಕ್ಕಿಯನ್ನೆಲ್ಲ ಬಿಸಾಕುವುದಿಲ್ಲ. ಕಲ್ಲು ಸಮೇತ ಅನ್ನ ಮಾಡೋದೂ ಇಲ್ಲ.

ಭಯವನ್ನೂ ಹೀಗೇ ಆರಿಸಬೇಕು. ಎಲ್ಲ ಭಯವೂ ಸುಳ್ಳಲ್ಲ. ಕೆಲವು ಭಯ ನಮ್ಮ ಜೀವ ಉಳಿಸುತ್ತದೆ. ಕೆಲವು ಭಯ ನಮ್ಮನ್ನು ಸುಮ್ಮನೆ ಮನೆಯಲ್ಲಿ ಕೂರಿಸುತ್ತದೆ. ಯಾವುದು ಯಾವುದು ಅಂತ ಗೊತ್ತಾಗಬೇಕು.

ನಮ್ಮ ಸಂಘದಲ್ಲಿ ನಾವು ಒಂದು ಕೆಲಸ ಮಾಡಿದೆವು. ನೋಟ್‌ಬುಕ್ಕಿನ ಹಾಳೆಯ ಮಧ್ಯೆ ಒಂದು ಗೆರೆ ಎಳೆದೆವು. ಎಡಗಡೆ 'ನಿಲ್ಲಬೇಕು' ಅಂತ ಬರೆದೆವು. ಬಲಗಡೆ 'ಕಲಿಯಬೇಕು' ಅಂತ ಬರೆದೆವು. ಒಬ್ಬೊಬ್ಬರೂ ತಮ್ಮ ಭಯ ಹೇಳಿದರು. ಬರೆಯಲು ಬರುವವರು ಬರೆದರು.

ಒಬ್ಬಾಕೆ, "ಸಿಡಿಲು ಹೊಡೆದರೆ?" ಅಂದಳು. ಅದು ಎಡಗಡೆ. ನಿಲ್ಲಬೇಕು.
"ರಸ್ತೆ ಮೇಲೆ ನೀರು ಹರೀತಿದ್ದರೆ?" ಅದೂ ಎಡಗಡೆ.
"ಬ್ರೇಕ್ ಹಿಡಿಯದಿದ್ದರೆ?" ಅದು ಬಲಗಡೆ. ಕಲಿಯಬೇಕು.
"ಮಣ್ಣಲ್ಲಿ ಜಾರಿದರೆ?" ಬಲಗಡೆ.
"ಸೀರೆ ಒದ್ದೆ ಆಗಿ ಮೈಗೆ ಅಂಟಿಕೊಂಡರೆ, ಜನ ನೋಡ್ತಾರೆ." ಬಲಗಡೆ. ಅದಕ್ಕೂ ದಾರಿ ಇದೆ.
"ನೆನೆದರೆ ಜ್ವರ ಬರುತ್ತೆ." ಬಲಗಡೆ.

ಕೊನೆಗೆ ಎಣಿಸಿದೆವು. ಬಲಗಡೆ ಉದ್ದವಾಗಿತ್ತು. ಎಡಗಡೆ ನಾಲ್ಕೇ ನಾಲ್ಕು ಸಾಲು. ಅಂದರೆ ನಮ್ಮ ಭಯದಲ್ಲಿ ಹೆಚ್ಚಿನದು ಕಲಿತರೆ ಹೋಗೋ ಅಂಥದ್ದು.

ಹಾಲಿನ ಅಕ್ಕ

ನಮ್ಮ ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ. ಎರಡು ಹಸು ಕಟ್ಟಿದ್ದಾರೆ. ಡೈರಿ ಪಕ್ಕದ ಊರಿನಲ್ಲಿದೆ. ದಿನಾ ಸೈಕಲ್ಲಿನಲ್ಲೇ ಹಾಲು ಹಾಕೋಕೆ ಹೋಗುತ್ತಿದ್ದರು. ಒಂದು ದಿನ ಮಳೆ ನಿಂತ ಮೇಲೆ ಹೊರಟರು. ಟ್ರಾಕ್ಟರ್ ಗಾಲಿಯಿಂದ ಬಿದ್ದ ಕೆಮ್ಮಣ್ಣು ಟಾರ್ ರಸ್ತೆ ಮೇಲೆ ಹರಡಿತ್ತು. ತಿರುವಿನಲ್ಲಿ ಸೈಕಲ್ ಜಾರಿತು. ಮಂಡಿ ತರಚಿತು. ಹಾಲೆಲ್ಲ ಚರಂಡಿ ಪಾಲಾಯಿತು.

ಅವತ್ತಿನಿಂದ ಎರಡು ವರ್ಷ, ಮೋಡ ಕಂಡರೆ ಸೈಕಲ್ ಮುಟ್ಟಲಿಲ್ಲ. ಕ್ಯಾನು ತಲೆ ಮೇಲೆ ಹೊತ್ತು ನಡೆದರು. ಸಂಜೆ ಹಾಲು ಎಷ್ಟೋ ಸಲ ತಪ್ಪಿಹೋಯಿತು. "ಮಂಡಿ ನೋವು ಎಂಟು ದಿನಕ್ಕೆ ವಾಸಿ ಆಯಿತು. ಎದೆ ಒಳಗಿನ ನಡುಕ ಮಾತ್ರ ಹೋಗಲಿಲ್ಲ ಕಣ್ರಮ್ಮ" ಅಂತ ಅವರೇ ಹೇಳುತ್ತಾರೆ.

ನಾವು ಅವರಿಗೆ "ಹೆದರಬೇಡಿ" ಅನ್ನಲಿಲ್ಲ. ಹಾಗೆ ಹೇಳಿದರೆ ಭಯ ಹೋಗುತ್ತದೆಯೇ? ಒಂದು ವಾರ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿದೆವು.

ಮೊದಲನೇ ದಿನ: ಮಳೆ ನಿಂತ ಮೇಲೆ ಶಾಲೆಯ ಮೈದಾನದಲ್ಲಿ ಸೈಕಲ್ ತಳ್ಳಿಕೊಂಡು ನಡೆದರು. ಹತ್ತಲಿಲ್ಲ.
ಎರಡನೇ ದಿನ: ಒದ್ದೆ ಮೈದಾನದಲ್ಲೇ ಹತ್ತಿ, ಮೆಲ್ಲಗೆ ಹತ್ತು ಸುತ್ತು ಹಾಕಿದರು.
ಮೂರನೇ ದಿನ: ಬ್ರೇಕ್ ಹಿಡಿಯೋ ಅಭ್ಯಾಸ.
ನಾಲ್ಕನೇ ದಿನ: ತುಂತುರು ಮಳೆಯಲ್ಲೇ ಸುತ್ತು ಹಾಕಿದರು. ಮುಖಕ್ಕೆ ನೀರು ಬಡಿಯೋದು ಅಭ್ಯಾಸ ಆಯಿತು.
ಐದನೇ ದಿನ: ಕ್ಯಾನಿನಲ್ಲಿ ಹಾಲಿನ ಬದಲು ನೀರು ತುಂಬಿ ಓಡಿಸಿದರು. ಚೆಲ್ಲಿದರೂ ನಷ್ಟ ಇಲ್ಲ.
ಆರನೇ ದಿನ: ಊರ ಬಾಗಿಲ ತನಕ ಹೋಗಿ ಬಂದರು. ಜೊತೆಗೆ ಇಬ್ಬರು ಹೋದೆವು.
ಏಳನೇ ದಿನ: ಡೈರಿಗೆ ಹೋದರು. ಜಾರಿ ಬಿದ್ದಿದ್ದ ಆ ತಿರುವಿನಲ್ಲಿ ಇಳಿದು ತಳ್ಳಿಕೊಂಡು ಹೋದರು.

ಈಗಲೂ ಮಣ್ಣಿದ್ದರೆ ಅವರು ಆ ತಿರುವಿನಲ್ಲಿ ಇಳಿಯುತ್ತಾರೆ. ಅದು ಅಂಜುಬುರುಕತನ ಅಲ್ಲ. ಎಲ್ಲಿ ಇಳಿಯಬೇಕು ಅನ್ನೋದು ಅವರಿಗೆ ಗೊತ್ತು. ಉಳಿದ ದಾರಿಯಲ್ಲಿ ಧೈರ್ಯವಾಗಿ ಹೊಡೆಯುತ್ತಾರೆ.

ಒದ್ದೆ ರಸ್ತೆಯ ಪಾಠ

ಮಳೇಲಿ ಸೈಕಲ್ ಯಾಕೆ ಬೇಗ ನಿಲ್ಲೋದಿಲ್ಲ? ಬ್ರೇಕ್ ರಬ್ಬರಿಗೂ ಗಾಲಿಯ ರಿಮ್ಮಿಗೂ ಮಧ್ಯೆ ನೀರು ಸೇರಿಕೊಳ್ಳುತ್ತದೆ. ರಬ್ಬರ್ ಜಾರುತ್ತದೆ. ನಮ್ಮ ಹಳೇ ಸೈಕಲ್ಲುಗಳ ರಿಮ್ಮು ಕಬ್ಬಿಣದ್ದು. ಅದು ಒದ್ದೆ ಆದರೆ ಇನ್ನೂ ಜಾಸ್ತಿ ಜಾರುತ್ತದೆ.

ಇದನ್ನು ನೀವೇ ಅಳೆದು ನೋಡಿ. ಒಣ ಮೈದಾನದಲ್ಲಿ ಒಂದು ಕಲ್ಲು ಇಡಿ. ಸೈಕಲ್ ಹೊಡೆದುಕೊಂಡು ಬಂದು, ಕಲ್ಲಿನ ಹತ್ತಿರ ಬ್ರೇಕ್ ಹಿಡಿಯಿರಿ. ಸೈಕಲ್ ನಿಂತ ಜಾಗದ ತನಕ ಹೆಜ್ಜೆ ಎಣಿಸಿ, ಬರೆದಿಡಿ. ಮಳೆ ಬಂದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಹೆಜ್ಜೆ ಜಾಸ್ತಿ ಆಗಿರುತ್ತದೆ. ಎರಡರಷ್ಟೂ ಆಗಬಹುದು, ಮೀರಲೂಬಹುದು. ಈ ಲೆಕ್ಕ ಕೈಗೆ ಸಿಕ್ಕಿದ ಮೇಲೆ ಅರ್ಧ ಭಯ ಹೋಗುತ್ತದೆ. ಎಷ್ಟು ದೂರದಲ್ಲಿ ಬ್ರೇಕ್ ಹಿಡಿಯಬೇಕು ಅಂತ ಗೊತ್ತಾಯಿತಲ್ಲ.

ಈಗ ನೆನಪಿಡಬೇಕಾದ ಮಾತುಗಳು.

ಬ್ರೇಕನ್ನು ಮೊದಲೇ ಮೆಲ್ಲಗೆ ಎರಡು ಮೂರು ಸಲ ಹಿಡಿದು ಬಿಡಿ. ರಿಮ್ಮಿನ ನೀರು ಒರೆಸಿ ಹೋಗುತ್ತದೆ. ಆಮೇಲೆ ಬ್ರೇಕ್ ಹಿಡಿಯುತ್ತದೆ.

ಎರಡೂ ಬ್ರೇಕ್ ಒಟ್ಟಿಗೆ, ಮೆಲ್ಲಗೆ ಹಿಡಿಯಿರಿ. ಮುಂದಿನ ಬ್ರೇಕ್ ಒಂದನ್ನೇ ಗಟ್ಟಿಯಾಗಿ ಹಿಡಿಯಬೇಡಿ. ಮುಂದಿನ ಗಾಲಿ ಜಾರುತ್ತದೆ.

ತಿರುವು ಬರೋದಕ್ಕೆ ಮೊದಲೇ ನಿಧಾನ ಮಾಡಿ. ತಿರುಗುವಾಗ ಬ್ರೇಕ್ ಹಿಡಿಯಬೇಡಿ. ಸೈಕಲ್ ವಾಲಿಸಬೇಡಿ.

ಮಳೆ ಶುರುವಾದ ಮೊದಲ ಕಾಲು ಗಂಟೆ ರಸ್ತೆ ಬಹಳ ಜಾರುತ್ತದೆ. ರಸ್ತೆ ಮೇಲಿನ ಧೂಳು, ಗಾಡಿಗಳ ಆಯಿಲ್ ನೀರಿನ ಜೊತೆ ಸೇರಿ ಲೋಳೆ ಆಗುತ್ತದೆ. ಸಾಧ್ಯವಾದರೆ ಆ ಕಾಲು ಗಂಟೆ ಯಾರದಾದರೂ ಮನೆಯಲ್ಲಿ ನಿಂತು ಹೊರಡಿ.

ಎಲ್ಲೆಲ್ಲಿ ಜಾರುತ್ತದೆ? ಕೆಮ್ಮಣ್ಣಿನ ಕೆಸರು, ಸಗಣಿ, ಉದುರಿದ ಎಲೆ, ರಸ್ತೆ ಮೇಲಿನ ಬಿಳಿ ಪಟ್ಟೆ, ಮೋರಿಯ ಕಬ್ಬಿಣದ ಮುಚ್ಚಳ. ಇವುಗಳ ಮೇಲೆ ನೆಟ್ಟಗೆ ಹೋಗಿ. ರೈಲು ಹಳಿ ಬಂದರೆ ಇಳಿದು ದಾಟಿ.

ನೀರು ನಿಂತ ಗುಂಡಿಗೆ ಸೈಕಲ್ ಇಳಿಸಬೇಡಿ. ಒಳಗೆ ಕಲ್ಲಿದೆಯೋ, ಹೊಂಡ ಇದೆಯೋ ಕಾಣಿಸುವುದಿಲ್ಲ.

ಹಾಲಿನ ಕ್ಯಾನನ್ನು ಹ್ಯಾಂಡಲ್ಲಿಗೆ ನೇತುಹಾಕಬೇಡಿ. ಹಿಂದೆ ಕ್ಯಾರಿಯರ್ ಮೇಲೆ ಟ್ಯೂಬ್ ರಬ್ಬರಿನಿಂದ ಬಿಗಿದು ಕಟ್ಟಿ. ಎರಡು ಕ್ಯಾನಿದ್ದರೆ ಎರಡೂ ಕಡೆ ಸಮ ತೂಕ ಇರಲಿ.

ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಹ್ಯಾಂಡಲ್ ಬೇಡವೇ ಬೇಡ. ಗಾಳಿ ಬಂದರೆ ಛತ್ರಿಯೂ ಎಳೆಯುತ್ತದೆ, ಸೈಕಲ್ಲೂ ಎಳೆಯುತ್ತದೆ. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲದಲ್ಲಿ ಕೆಲಸ ಮಾಡಿದವರು ನಾವು. ಸೈಕಲ್ಲಿಗೆ ಪ್ಲಾಸ್ಟಿಕ್ ರೈನ್‌ಕೋಟ್ ಒಳ್ಳೇದು. ಹಳದಿ ಬಣ್ಣದ್ದು ತಗೊಳ್ಳಿ. ಲಾರಿಯವರಿಗೆ ದೂರದಿಂದಲೇ ಕಾಣುತ್ತದೆ. ರೈನ್‌ಕೋಟ್ ಇದ್ದರೆ ಬಟ್ಟೆ ಮೈಗೆ ಅಂಟುವುದಿಲ್ಲ. ಜನ ನೋಡ್ತಾರೆ ಅನ್ನೋ ಸಂಕೋಚವೂ ಇಲ್ಲ.

ಸೀರೆ ಉಟ್ಟರೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ನೆರಿಗೆ ಚೈನಿಗೆ ಸಿಕ್ಕದ ಹಾಗೆ ಸ್ವಲ್ಪ ಎತ್ತಿ ಕಟ್ಟಿ. ಚೂಡಿದಾರದ ದುಪಟ್ಟವನ್ನೂ ಹಿಂದೆ ಗಂಟು ಹಾಕಿ. ಹವಾಯಿ ಚಪ್ಪಲಿ ಒದ್ದೆಯಲ್ಲಿ ಪೆಡಲ್ ಮೇಲೆ ಜಾರುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ.

ಇನ್ನು ಜ್ವರದ ಮಾತು. ಶೀತ, ಜ್ವರ ಬರೋದು ರೋಗಾಣುಗಳಿಂದ. ಮಳೆ ನೀರಿನಿಂದಲೇ ಜ್ವರ ಹುಟ್ಟುವುದಿಲ್ಲ. ಆದರೂ ಒದ್ದೆ ಬಟ್ಟೆಯಲ್ಲಿ ಬಹಳ ಹೊತ್ತು ಇರಬೇಡಿ. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಹೋದ ಕೂಡಲೇ ತಲೆ ಒರೆಸಿ ಬಟ್ಟೆ ಬದಲಾಯಿಸಿ.

ಮನೆಗೆ ಬಂದ ಮೇಲೆ ಸೈಕಲ್ಲನ್ನೂ ಒರೆಸಿ. ಚೈನಿಗೆ ಎರಡು ತೊಟ್ಟು ಎಣ್ಣೆ ಬಿಡಿ. ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಬ್ರೇಕ್ ರಬ್ಬರ್ ಸವೆದಿದ್ದರೆ ಮಳೆಗಾಲ ಬರೋ ಮುಂಚೆಯೇ ಬದಲಾಯಿಸಿ.

ಗಾಳಿ ಮತ್ತು ಮಂಜು

ಆಷಾಢದ ಗಾಳಿ ಎದುರಿಗೆ ಬಂದರೆ ಸೈಕಲ್ ಮುಂದೆ ಹೋಗೋದಿಲ್ಲ. ಜಟಾಪಟಿ ಬೇಡ. ಮೈ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ನಿಧಾನವಾಗಿ ತುಳಿಯಿರಿ. ಸುಸ್ತಾದರೆ ಇಳಿದು ತಳ್ಳಿ. ಗಾಳಿ ಪಕ್ಕದಿಂದ ಬಂದರೆ ಹ್ಯಾಂಡಲ್ ಎಳೆದ ಹಾಗಾಗುತ್ತದೆ. ಎರಡು ಕೈಯಲ್ಲೂ ಹಿಡಿಯಿರಿ. ಗಾಳಿ ಬಿರುಸಾದರೆ ನೀಲಗಿರಿ ತೋಪಿನ ಪಕ್ಕ ನಿಲ್ಲಬೇಡಿ. ಕೊಂಬೆ ಮುರಿದು ಬೀಳುತ್ತದೆ.

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗೋ ಹೆದ್ದಾರಿ ನಿಮಗೆಲ್ಲ ಗೊತ್ತು. ಲಾರಿಗಳ ರಸ್ತೆ. ದೊಡ್ಡ ಲಾರಿ ಪಕ್ಕದಲ್ಲಿ ಹೋದರೆ ಅದರ ಗಾಳಿಗೇ ಸೈಕಲ್ ಅಲ್ಲಾಡುತ್ತದೆ. ಮಳೇಲಿ ಲಾರಿಯವರಿಗೆ ಮುಂದಿನದು ಸರಿಯಾಗಿ ಕಾಣೋದೂ ಇಲ್ಲ. ಅದಕ್ಕೆ ಮಳೆಗಾಲದಲ್ಲಿ ಹೆದ್ದಾರಿ ಬಿಡಿ. ಸ್ವಲ್ಪ ಸುತ್ತಾದರೂ ಊರೊಳಗಿನ ದಾರಿ ಹಿಡಿಯಿರಿ. ಹೆದ್ದಾರಿ ದಾಟಲೇಬೇಕಾದರೆ ಇಳಿದು, ಎರಡೂ ಕಡೆ ನೋಡಿ, ತಳ್ಳಿಕೊಂಡು ದಾಟಿ.

ಮಂಜಿನಲ್ಲಿ ನಾವು ನೋಡೋದಕ್ಕಿಂತ ನಾವು ಕಾಣೋದು ಮುಖ್ಯ. ಸೈಕಲ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ. ಮುಂದೆ ಒಂದು ಟಾರ್ಚ್ ಕಟ್ಟಿ. ಬೆಲ್ಲು ಹೊಡೆಯುತ್ತಾ ಹೋಗಿ. ಹತ್ತು ಮಾರು ದೂರ ಕಾಣದಿದ್ದರೆ ಇಳಿದು ರಸ್ತೆ ಅಂಚಿನಲ್ಲಿ ನಡೆಯಿರಿ. ಬಿಸಿಲು ಬಂದರೆ ಮಂಜು ಕರಗುತ್ತದೆ.

ಇಲ್ಲಿ ನಿಲ್ಲಲೇಬೇಕು

ಈಗ ಎಡಗಡೆಯ ನಾಲ್ಕು ಸಾಲು. ಇಲ್ಲಿ ಧೈರ್ಯ ತೋರಿಸಬಾರದು.

ಮೊದಲನೆಯದು ಸಿಡಿಲು. ಮಿಂಚು ಕಂಡ ಕೂಡಲೇ ಎಣಿಸೋಕೆ ಶುರು ಮಾಡಿ. ಗುಡುಗಿದರೆ "ಅರ್ಜುನ, ಅರ್ಜುನ" ಅನ್ನಿ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅದರ ಜೊತೆ ಅಂಕಿ ಸೇರಿಸಿ. "ಅರ್ಜುನ ಒಂದು, ಅರ್ಜುನ ಎರಡು, ಅರ್ಜುನ ಮೂರು." ಒಂದೊಂದಕ್ಕೂ ಸುಮಾರು ಒಂದು ಸೆಕೆಂಡ್ ಆಗುತ್ತದೆ. ಬೆಳಕು ಕೂಡಲೇ ಕಾಣುತ್ತದೆ. ಶಬ್ದ ನಿಧಾನವಾಗಿ ಬರುತ್ತದೆ. ಒಂದು ಕಿಲೋಮೀಟರ್ ಬರೋಕೆ ಅದಕ್ಕೆ ಸುಮಾರು 3 ಸೆಕೆಂಡ್ ಬೇಕು. ನೀವು 9 ಎಣಿಸಿದಾಗ ಗುಡುಗು ಕೇಳಿದರೆ ಸಿಡಿಲು ಎಷ್ಟು ದೂರದಲ್ಲಿದೆ? 3 ಕಿಲೋಮೀಟರ್. ಬಹಳ ಹತ್ತಿರ.

30 ಎಣಿಸೋದರೊಳಗೆ ಗುಡುಗು ಕೇಳಿದರೆ ಸೈಕಲ್ ಬಿಟ್ಟು ಒಳಗೆ ಹೋಗಿ. ಗಟ್ಟಿ ಕಟ್ಟಡದ ಮನೆ, ಶಾಲೆ, ಅಂಗಡಿ ಆಗಬಹುದು. ಬಾಗಿಲು ಹಾಕಿದ ಬಸ್ಸೂ ಆಗಬಹುದು. ಮರದ ಕೆಳಗೆ ನಿಲ್ಲಬೇಡಿ. ಹೊಲದ ಮಧ್ಯದ ಒಂಟಿ ಮರ ಬಹಳ ಅಪಾಯ. ಸುತ್ತ ಗೋಡೆ ಇಲ್ಲದ ಶೆಡ್ಡೂ ಬೇಡ. "ಸೈಕಲ್ ಟೈರು ರಬ್ಬರು, ಏನೂ ಆಗಲ್ಲ" ಅಂತ ಕೆಲವರು ಹೇಳ್ತಾರೆ. ಅದು ತಪ್ಪು. ಟೈರು ನಿಮ್ಮನ್ನು ಕಾಪಾಡೋದಿಲ್ಲ. ಬಯಲಲ್ಲಿ ಸಿಕ್ಕಿಕೊಂಡರೆ ಸೈಕಲ್ಲನ್ನು ದೂರ ಬಿಟ್ಟು, ತಗ್ಗಾದ ಕಡೆ ಎರಡು ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ಮಲಗಬೇಡಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಾದು ಹೊರಡಿ. ಮನೆಯಲ್ಲಿ ಸ್ಮಾರ್ಟ್ ಫೋನ್ ಇದ್ದರೆ 'ದಾಮಿನಿ' ಅನ್ನೋ ಆ್ಯಪ್ ಹಾಕಿಸಿಕೊಳ್ಳಿ. ಸಿಡಿಲಿನ ಮುನ್ಸೂಚನೆ ಕೊಡುತ್ತದೆ.

ಎರಡನೆಯದು ಹರಿಯೋ ನೀರು. 2022ರಲ್ಲಿ ಮಳೆ ಹೆಚ್ಚಾಗಿ ನಮ್ಮ ಕಡೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ರಸ್ತೆ ಮೇಲೂ ನೀರು ಹರಿಯಿತು. ಜೋರಾಗಿ ಹರಿಯೋ ನೀರು ಅರ್ಧ ಅಡಿ ಇದ್ದರೂ ಮನುಷ್ಯರ ಕಾಲು ಕೀಳುತ್ತದೆ. ಹಾಲು ಹೋದರೆ ಹೋಗಲಿ. ಸಂಬಳ ಹಿಡಿದರೆ ಹಿಡಿಯಲಿ. ದಾಟಬೇಡಿ.

ಮೂರನೆಯದು ಕರೆಂಟಿನ ತಂತಿ. ಗಾಳಿಗೆ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಒದ್ದೆ ನೆಲದಲ್ಲಿ ಕರೆಂಟು ಹರಡುತ್ತದೆ. ದೂರ ನಿಂತು, ಬರೋರಿಗೆ ಕೂಗಿ ಹೇಳಿ. ಬೆಸ್ಕಾಂಗೆ 1912 ನಂಬರಿಗೆ ಫೋನ್ ಮಾಡಿ.

ನಾಲ್ಕನೆಯದು ಆಲಿಕಲ್ಲು, ಬಿರುಗಾಳಿ. ತಲೆಗೆ ಪೆಟ್ಟಾಗುತ್ತದೆ. ಸೂರು ಸಿಕ್ಕ ಕಡೆ ನಿಲ್ಲಿ. ಹೆಚ್ಚು ಹೊತ್ತು ಇರೋದಿಲ್ಲ.

ಮನೆಯವರಿಗೆ ಏನು ಹೇಳೋದು?

"ಏನಮ್ಮ, ಈ ಮಳೇಲಿ ಸೈಕಲ್ ತಗೊಂಡು ಹೋಗ್ತೀಯಾ? ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರು ನೋಡ್ತಾರೆ?" ಅಂತ ಅತ್ತೆ ಕೇಳಬಹುದು. ಅವರ ಮೇಲೆ ರೇಗಬೇಡಿ. ಅವರದೂ ಭಯವೇ. ಅವರಿಗೂ ಆ ಹಾಳೆ ತೋರಿಸಿ, ಓದಿ ಹೇಳಿ. "ಅತ್ತೆ, ಸಿಡಿಲು ಬಂದರೆ ನಿಲ್ತೀನಿ. ಕೋಡಿ ನೀರು ಹರೀತಿದ್ದರೆ ದಾಟಲ್ಲ. ಜೊತೆಗೆ ಪಕ್ಕದ ಮನೆಯವಳೂ ಬರ್ತಾಳೆ. ತಡವಾದರೆ ಯಾರ ಮನೆಯಲ್ಲಿ ಇರ್ತೀನಿ ಅಂತ ಫೋನ್ ಮಾಡ್ತೀನಿ" ಅನ್ನಿ. ಎಲ್ಲಿ ನಿಲ್ಲಬೇಕು ಅಂತ ಸೊಸೆಗೆ ಗೊತ್ತಿದೆ ಅಂತಾದರೆ ಅವರಿಗೂ ಧೈರ್ಯ ಬರುತ್ತದೆ.

ತಲೆ ಸುತ್ತು, ಮೂರ್ಛೆ ಇರುವವರು, ತುಂಬು ಬಸುರಿಯರು, ಹೊಸ ಬಾಣಂತಿಯರು ಈ ಸಾಹಸ ಮಾಡಬೇಡಿ. ಅಂಥವರ ಹಾಲನ್ನು ಉಳಿದವರು ಸರದಿ ಮೇಲೆ ಡೈರಿಗೆ ಹಾಕಿ. ಸಂಘ ಇರೋದು ಅದಕ್ಕೇ ಅಲ್ಲವೇ?

ಅಕ್ಕಂದಿರೇ, ಮಳೆ ನಮ್ಮ ಶತ್ರು ಅಲ್ಲ. ರಾಗಿ ಬೆಳೆಯೋದು ಅದರಿಂದಲೇ. ಕೆರೆ ತುಂಬೋದು ಅದರಿಂದಲೇ. ಮಳೆ ಬರಲಿ ಅಂತ ಹರಕೆ ಹೊರೋರೂ ನಾವೇ. ಆ ಮಳೆಯಲ್ಲಿ ಓಡಾಡೋದನ್ನೂ ಕಲಿಯೋಣ. ಮುಂದಿನ ಮಳೆ ನಿಂತ ಸಂಜೆ ಎಲ್ಲರೂ ಸೈಕಲ್ ತಗೊಂಡು ಶಾಲೆಯ ಮೈದಾನಕ್ಕೆ ಬನ್ನಿ. ಅಳತೆಗೆ ಒಂದು ಕಲ್ಲು, ಬರೆಯೋಕೆ ಒಂದು ನೋಟ್‌ಬುಕ್ ತನ್ನಿ.



ಮಾತಾಡೋಣ, ಬರೆಯೋಣ

1. ಹಾಳೆಯ ಮಧ್ಯೆ ಗೆರೆ ಎಳೆಯಿರಿ. ನಿಮ್ಮ ಭಯಗಳಲ್ಲಿ 'ನಿಲ್ಲಬೇಕು' ಯಾವುದು, 'ಕಲಿಯಬೇಕು' ಯಾವುದು? ಬರೆಯಿರಿ.
2. ನಿಮ್ಮ ಊರಿನಿಂದ ಬಸ್ಸು ನಿಲ್ಲೋ ಜಾಗ ಎಷ್ಟು ಕಿಲೋಮೀಟರ್? ಆ ದಾರಿಯಲ್ಲಿ ಮಳೇಲಿ ಇಳಿದು ನಡೆಯಬೇಕಾದ ಜಾಗ ಯಾವುವು?
3. ಮಿಂಚು ಕಂಡ ಮೇಲೆ 15 ಎಣಿಸಿದಾಗ ಗುಡುಗು ಕೇಳಿತು. ಸಿಡಿಲು ಎಷ್ಟು ದೂರದಲ್ಲಿದೆ? ನೀವು ಏನು ಮಾಡುತ್ತೀರಿ?
4. ಒಣ ನೆಲದಲ್ಲಿ ಎಷ್ಟು ಹೆಜ್ಜೆಗೆ ಸೈಕಲ್ ನಿಂತಿತು? ಒದ್ದೆ ನೆಲದಲ್ಲಿ ಎಷ್ಟು ಹೆಜ್ಜೆಗೆ ನಿಂತಿತು? ಎರಡನ್ನೂ ಬರೆಯಿರಿ.